ವಾಲ್ಪಾರೈ ಬಸ್ಸು ಹತ್ತಬೇಕಿದ್ದ ದೆವ್ವ

ಬಿಸಿಯಾದ ವೀಡಿಯೊ ಕ್ಯಾಸೆಟ್ಟಿನ ವಾಸನೆ ನಿಮಗೂ ನೆನಪಿರಬಹುದು: ಸ್ವಲ್ಪ ಪ್ಲಾಸ್ಟಿಕ್ಕು, ಸ್ವಲ್ಪ ಧೂಳು, ಸ್ವಲ್ಪ ಇಸ್ತ್ರಿ ಪೆಟ್ಟಿಗೆ. ಮೊನ್ನೆ ಪೀಳಮೇಡಿನ ಒಂದು ರಿಪೇರಿ ಅಂಗಡಿಯಲ್ಲಿ ಅದು ಮೂಗಿಗೆ ತಾಗಿತು. ಫ್ಯಾನು ಕೊಡಲು ಹೋದವಳು ಕೊಡದೆ ಹೊರಗೆ ಬಂದು ನಿಂತೆ. ನಮ್ಮ ಮನೆಯಲ್ಲಿ ಆ ವಾಸನೆ ಒಂಟಿಯಾಗಿ ಬರುತ್ತಿರಲಿಲ್ಲ. ಅದರ ಜೊತೆ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ, ಸೌಡತ್ತೆಯ ರಾಟೆಗೆ ಬಿಟ್ಟ ಎಣ್ಣೆಯ ವಾಸನೆ ಬೆರೆತಿರುತ್ತಿತ್ತು. ತಮಿಳು ಸೀಮೆಯ ನೆಗಮಂನಲ್ಲಿ, ಕನ್ನಡ ಮನೆಮಾತಿನ ನೇಕಾರರ ಬೀದಿಯಲ್ಲಿ ನಮ್ಮದು ನಾಲ್ಕು ಮಗ್ಗದ ಮನೆ. ದೊಡ್ಡಪ್ಪ, ಅಪ್ಪ ಮತ್ತು ಇಬ್ಬರು ಅಣ್ಣಂದಿರು ಮಗ್ಗದ ಗುಂಡಿಗೆ ಇಳಿದರೆ, ನಾಲ್ವರಿಗೂ ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿಕೊಡುವವಳು ಸೌಡತ್ತೆ ಒಬ್ಬಳೇ. ಅವಳು ಅಪ್ಪನ ತಂಗಿ. ಹತ್ತೊಂಬತ್ತಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವಳು ರಾಟೆಯ ಮುಂದೆ ಕೂತಿದ್ದಳು, ಅಷ್ಟೆ. ಕ್ಯಾಸೆಟ್ಟು ನಮ್ಮ ಮನೆಗೆ ಬರುವ ಹಿಂದಿನ ವರ್ಷ, ಬೆಟ್ಟದ ಮೇಲಿನ ವಾಲ್ಪಾರೈ ಟೀ ಎಸ್ಟೇಟಿನ ಶಾಲೆಯಲ್ಲಿ ಪಾಠ ಹೇಳುವ ವಾದ್ಯಾರೊಬ್ಬರು, ನಮ್ಮವರೇ, ಹೆಂಡತಿ ಸತ್ತವರು, ಅವಳನ್ನು ಮದುವೆಗೆ ಕೇಳಿಕೊಂಡು ಬಂದಿದ್ದರು. ದೊಡ್ಡಪ್ಪ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದರು. 'ಅವ್ಳು ಹೋದ್ರೆ ಕಂಡಿಕೆ ಯಾರು ಸುತ್ತೋದು?' ಎಂದು ಆಮೇಲೆ ಅಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಮಕ್ಕಳಾದ ನಮಗೆ ಆ ದಿನ ಉಳಿದದ್ದು ವಾದ್ಯಾರು ತಂದ ಟೀ ಪುಡಿಯ ಪೊಟ್ಟಣದ ಘಮ ಮಾತ್ರ.

ಸಿಂಗಾಪುರದಿಂದ ಬಂದ ಮಾವ ಒಂದು ವೀಡಿಯೊ ಡೆಕ್ಕನ್ನೂ ಒಂದೇ ಒಂದು ಕ್ಯಾಸೆಟ್ಟನ್ನೂ ನಮ್ಮಲ್ಲಿ ಬಿಟ್ಟು ಹೋದರು. ಅದರಲ್ಲಿದ್ದದ್ದು ದೆವ್ವ ಹಿಡಿಯುವವರ ಒಂದು ಕಾರ್ಟೂನ್ ಕತೆ, ಅರ್ಧ ಗಂಟೆಯದು, ಪೂರ್ತಿ ಇಂಗ್ಲಿಷಿನಲ್ಲಿ. ಬೆನ್ನಿಗೆ ಯಂತ್ರ ಕಟ್ಟಿಕೊಂಡ ಗಂಡಸರು ಒಂದು ಹಳೆಯ ಮನೆಗೆ ನುಗ್ಗುತ್ತಾರೆ, ಅಲ್ಲಿರುವ ಹೆಣ್ಣು ದೆವ್ವವನ್ನು ಅಟ್ಟಾಡಿಸಿ ಕೊನೆಗೆ ಪೆಟ್ಟಿಗೆಯೊಳಗೆ ಎಳೆದು ಮುಚ್ಚುತ್ತಾರೆ. ಮನೆಯಲ್ಲಿ ಯಾರಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಮೊದಲ ಭಾನುವಾರ ನಾವು ಐದು ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದಾಗ, ಹಿಂದಿನಿಂದ ರಾಟೆ ತಿರುಗಿಸುತ್ತಲೇ ಸೌಡತ್ತೆ ಅವರಿಗೆಲ್ಲ ಮಾತು ಕೊಟ್ಟಳು. 'ಹತ್ತಿ ಹುಳಕ್ಕೆ ಮರುಂದು ಹೊಡಿಯೋರು ಬಂದವ್ರೆ ನೋಡ್ರೋ, ಬೆನ್ನ ಮೇಲೆ ಟ್ಯಾಂಕು. ಏ ಪೇಯಿ, ಎಲೆ ಹಿಂದೆ ಇದ್ದೀಯಾ, ಕಾಯಿ ಒಳಗಾ?' ಪೇಯಿಗೆ, ಅಂದರೆ ಆ ದೆವ್ವಕ್ಕೆ, ಅವಳು ಕೊಟ್ಟದ್ದು ಮೂಲೆಮನೆಯ ಮುದುಕಿ ಪಾಟಿಯ ಗೊಗ್ಗರು ದನಿ: 'ಬಾಗಿಲಲ್ಲೇ ಕಾಲಿನ ಚೆರುಪ್ಪು ಬಿಟ್ಟು ಬನ್ರಪ್ಪಾ, ಈಗ ತಾನೇ ಸಾರಿಸಿದ್ದೀನಿ.' ನಾವು ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದೆವು.

ನನಗೆ ಆಗ ಹತ್ತು ವರ್ಷ. ಎಲ್ಲವನ್ನೂ ಬರೆದಿಡುವ ಚಟ: ಕೋಳಿ ಇಟ್ಟ ಮೊಟ್ಟೆ, ತಡವಾಗಿ ಬಂದ ಬಸ್ಸು, ಅತ್ತೆ ದಿನಕ್ಕೆ ಸುತ್ತಿದ ಕಂಡಿಕೆ. ಶಾಲೆಯಲ್ಲಿ ಕಲಿತದ್ದು ತಮಿಳಾದ್ದರಿಂದ ಮನೆಯ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೆ. ಕಾರ್ಟೂನಿಗೂ ಒಂದು ನೋಟುಪುಸ್ತಕ ಮಾಡಿದೆ, ಏಕೆಂದರೆ ಚಿತ್ರ ಅದೇ ಇದ್ದರೂ ದೆವ್ವದ ಮಾತು ವಾರವಾರವೂ ಬೇರೆ. ಆರನೆಯ ಸಲಕ್ಕೆ ಗೊಗ್ಗರು ದನಿ ಹೋಗಿ ದೆವ್ವ ಅತ್ತೆಯ ದನಿಯಲ್ಲೇ ಮಾತಾಡತೊಡಗಿತ್ತು. ಒಂಬತ್ತನೆಯ ಸಲ ಹೇಳಿತು: 'ನಾ ಇಲ್ಲೇ ಹುಟ್ಟಿದವ್ಳು. ಇರಬ್ಯಾಡ ಅಂತೀರಿ, ಹೋಗ್ತೀನಿ ಅಂದ್ರೂ ಬಿಡಲ್ಲ.' ಹನ್ನೆರಡನೆಯ ಸಲ ಏನನ್ನೂ ಹೇಳಲಿಲ್ಲ; ಅದನ್ನೂ ಬರೆದೆ.

ಹದಿನಾಲ್ಕನೆಯ ಸಲ ನಾನು ಹಟ ಹಿಡಿದೆ. 'ಅತ್ತೆ, ಪ್ರತಿ ಸಲ ಹಿಡಿದು ಹಾಕ್ತಾರೆ. ಒಂದು ಸಲನಾದ್ರೂ ತಪ್ಪಿಸ್ಕೊಳ್ಳಲಿ.' ಅವಳು ರಾಟೆ ನಿಲ್ಲಿಸಿದಳು. 'ಬರೋ ಶುಕ್ರವಾರ ಹೋಗ್ತಾಳೆ, ನನ್ ಕಣ್ಣು. ಪೊಳ್ಳಾಚಿಯಿಂದ ಹನ್ನೊಂದು ಗಂಟೆ ವಾಲ್ಪಾರೈ ಬಸ್ಸಲ್ಲಿ.' ದೆವ್ವ ಬಸ್ಸು ಹತ್ತುವುದೆಂದರೆ! 'ಪೇಯಿಗೆ ಟಿಕೆಟ್ ಯಾರು ತೆಗೀತಾರೆ?' ಎಂದು ತಮ್ಮ ಕೇಳಿದ. 'ವಾದ್ಯಾರು ತೆಗೀತಾರೆ,' ಎಂದು ಅತ್ತೆ ನಕ್ಕಳು. ಅವಳ ಹಲ್ಲುಸಾಲು ಅಷ್ಟು ಚಂದ ಇದೆಯೆಂದು ನಾನು ಗಮನಿಸಿದ್ದು ಆವತ್ತೇ.

ಮಾರನೆಯ ಸಂಜೆ ದೊಡ್ಡಪ್ಪ ನೇಯ್ದ ಸೀರೆಗಳನ್ನು ಅಂಗಡಿಗೆ ಕೊಟ್ಟು ಬಂದು ಜಗಲಿಯಲ್ಲಿ ಕೂತಿದ್ದರು. ಒಳ್ಳೆಯ ಮನಸ್ಸಿನಲ್ಲಿದ್ದರು. 'ಏನ್ ಪಾಪಾ, ಭಾನುವಾರ ಭಾನುವಾರ ಬೀದಿಗೇ ಕೇಳೋ ಹಂಗೆ ನಗ್ತೀರಿ. ಆ ಪೇಯಿ ಏನು ಹೇಳುತ್ತೆ?' ಎಂದರು. ನನ್ನ ಪುಸ್ತಕವನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಓಡಿ ತಂದೆ. ಮೊದಲ ಭಾನುವಾರದಿಂದ ಹಿಡಿದು ಒಂದೊಂದಾಗಿ, ದನಿ ಬದಲಿಸಿ, ಓದಿದೆ. ಚೆರುಪ್ಪಿನ ಮಾತಿಗೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಬತ್ತನೆಯದಕ್ಕೆ ನಗು ನಿಂತಿತು. ಹದಿನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಚೆನ್ನಾಗಿ ಓದಿದೆ. ಒಳಗೆ ರಾಟೆಯ ಸದ್ದು ನಿಂತಿತ್ತು. 'ಚೆನ್ನಾಗಿ ಬರ್ದಿದ್ದೀಯೆ,' ಎಂದರು ದೊಡ್ಡಪ್ಪ, ನನ್ನ ತಲೆಯ ಮೇಲೆ ಕೈಯಿಟ್ಟು.

ಶುಕ್ರವಾರ ಅವರು ಮಗ್ಗಕ್ಕೆ ಇಳಿಯಲಿಲ್ಲ. ಬೆಳಗಿನಿಂದ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರು. ಅತ್ತೆ ತಲೆಗೆ ಸ್ನಾನ ಮಾಡಿ, ನೀಲಿ ಸೀರೆ ಉಟ್ಟು, ಬಟ್ಟೆಯ ಚೀಲ ಹಿಡಿದು ಒಳಗಿನಿಂದ ಬಂದಳು. ದೊಡ್ಡಪ್ಪ ಬೈಯಲಿಲ್ಲ, ದನಿ ಏರಿಸಲಿಲ್ಲ. 'ಇವತ್ತು ನೂಲು ಜಾಸ್ತಿ ಇದೆ ಸೌಡಾ,' ಎಂದರು. ಅಪ್ಪ ಮಗ್ಗದ ಗುಂಡಿಯಿಂದ ತಲೆ ಎತ್ತಲಿಲ್ಲ. ಅಮ್ಮ ಸೌದೆ ತರುವವಳಂತೆ ಹಿತ್ತಲಿಗೆ ಹೋದಳು. ಅತ್ತೆ ಚೀಲವನ್ನು ಗೂಟಕ್ಕೆ ನೇತುಹಾಕಿ ರಾಟೆಗೆ ಕೂತಳು. ಎಂದೂ ಐವತ್ತು ದಾಟದವಳು ಆ ದಿನ ಎಪ್ಪತ್ತೊಂದು ಕಂಡಿಕೆ ಸುತ್ತಿದಳು. ನನ್ನ ಪುಸ್ತಕದಲ್ಲಿ ಹಾಗೇ ಇದೆ. ಪೊಳ್ಳಾಚಿಯಲ್ಲಿ ವಾದ್ಯಾರು ಅವಳಿಗಾಗಿ ಕಾಯುತ್ತ ಎಷ್ಟು ಬಸ್ಸು ಬಿಟ್ಟರೆಂಬ ಲೆಕ್ಕ ಅದರಲ್ಲಿಲ್ಲ.

ಭಾನುವಾರ ನಾವು ಎಂದಿನಂತೆ ಕ್ಯಾಸೆಟ್ಟು ಹಾಕಿದೆವು. ಹಿಂದಿನಿಂದ ದನಿ ಬರಲಿಲ್ಲ. ಆ ದೆವ್ವ ನಿಜವಾಗಿ ಏನು ಹೇಳುತ್ತಿತ್ತೆಂದು ನಾವು ಮೊದಲ ಸಲ ಕೇಳಿದ್ದು ಆಗ, ನಮಗೊಂದು ಅಕ್ಷರವೂ ತಿಳಿಯಲಿಲ್ಲ. 'ಹೇಳು ಅತ್ತೆ,' ಎಂದು ತಮ್ಮ ಗೋಗರೆದ. 'ನಿಮ್ಮಕ್ಕ ಎಲ್ಲಾ ಬರ್ಕೊಂಡಿದ್ದಾಳಲ್ಲ, ಓದಿಸ್ಕೊ,' ಎಂದಳು ಅತ್ತೆ, ನೂಲಿನ ಎಳೆಯಿಂದ ಕಣ್ಣು ತೆಗೆಯದೆ.

ಈಗ ಆ ಮಗ್ಗಗಳಿಲ್ಲ, ಗುಂಡಿಗಳನ್ನು ಮಣ್ಣು ತುಂಬಿ ಮುಚ್ಚಿದ್ದಾರೆ, ದೊಡ್ಡಪ್ಪನೂ ಇಲ್ಲ. ಸೌಡತ್ತೆ ಆ ಮನೆಯಲ್ಲಿ ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೆಂದು ಹೇಳಲಾರೆ. ನನಗೆ ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದಳು, ಊಟ ಆಯಿತೇ ಎಂದು ದಿನವೂ ಕೇಳಿದಳು. ನನ್ನ ಕೈಯಲ್ಲಿ ಪೆನ್ಸಿಲು ಇದ್ದಾಗ ಮಾತ್ರ ಮಾತನ್ನು ಅರ್ಧಕ್ಕೆ ಬಿಟ್ಟು, ನಾನು ಅದನ್ನು ಕೆಳಗಿಡುವವರೆಗೂ ಸುಮ್ಮನೆ ಕಾಯುತ್ತಿದ್ದಳು.