ಎದ್ದು ಬರದ ದೀಪದವನು

ಕಥೆಗಳೊಳಗೆ ಯೇಸುವನ್ನು ಹುಡುಕುವ ಚಟ ನನಗೆ ಅಂಟಿದ್ದು ಕಾಲೇಜಿನಲ್ಲಿ. ಕಾಸರಗೋಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವನು ಮಂಗಳೂರಿನ ಇಂಗ್ಲಿಷ್ ಮೇಷ್ಟ್ರೊಬ್ಬರ ಕೈಗೆ ಸಿಕ್ಕಿಬಿದ್ದೆ. ಮಾಂತ್ರಿಕರ ಕಥೆಯಾಗಲಿ, ಡ್ರ್ಯಾಗನ್ ಕಥೆಯಾಗಲಿ, ಯಾರಾದರೂ ಇನ್ನೊಬ್ಬರಿಗಾಗಿ ಪ್ರಾಣ ಕೊಟ್ಟರೆ ಸಾಕು, ಅವರು ಮೇಜು ಕುಟ್ಟಿ "ನೋಡಿ, ಬಂದ!" ಎನ್ನುತ್ತಿದ್ದರು. ಆಮೇಲೆ ನಾನು ಕೊಚ್ಚಿಯಲ್ಲಿ ವಕೀಲನಾದೆ. ಸಾಕ್ಷ್ಯ ಜೋಡಿಸುವುದೇ ಕಸುಬಾದ ಮೇಲೆ ಚಟ ಕಡಿಮೆಯಾಗುವುದುಂಟೇ?

ಹೋದ ವರ್ಷ ಹನ್ನೊಂದರ ಮಗಳು ಇಟ್ಟಿಗೆ ಗಾತ್ರದ ಫ್ಯಾಂಟಸಿ ಸರಣಿಯೊಂದಕ್ಕೆ ಬಿದ್ದಳು. ಅದರ ನಾಯಕ ಕತ್ತಲೆಯ ಊರುಗಳಲ್ಲಿ ದೀಪ ಹಚ್ಚುತ್ತ ಹೋಗುವವನು. ಮೂರನೆಯ ಭಾಗದ ಕೊನೆಯಲ್ಲಿ ಅವನು ತನಗೆ ದ್ರೋಹ ಬಗೆದ ಗೆಳೆಯನನ್ನೇ ಉಳಿಸಲು ಹೋಗಿ ಸತ್ತ. ಮಗಳು ಪುಸ್ತಕ ಮುಚ್ಚಿ ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು.

ನಾನು ಪೆನ್ಸಿಲ್ ಹಿಡಿದು ಮೂರೂ ಭಾಗ ಓದಿದೆ. ಹನ್ನೆರಡು ಜನ ಸಂಗಾತಿಗಳು, ಸಾವಿನ ಮುಂಚೆ ಒಟ್ಟಿಗೆ ಊಟ, ದುಡ್ಡಿಗೆ ಹಿಡಿದುಕೊಟ್ಟ ಗೆಳೆಯ. ಇನ್ನೆಂತ ಬೇಕು?

"ಅಳ್ಬೇಡ ಮಗಾ, ಇದು ಯೇಸುವಿನ ಕಥೆ. ನಾಲ್ಕನೇ ಭಾಗದಲ್ಲಿ ಎದ್ದು ಬರ್ತಾನೆ ನೋಡು, ನಾನು ಹೇಳ್ತೇನಲ್ಲ."

ಅವಳು ಅವತ್ತೇ ಹೊಟ್ಟೆ ತುಂಬ ಉಂಡಳು. ಒಂದು ವರ್ಷ ನನ್ನ ಮಾತನ್ನು ನಂಬಿ ಕಾದಳು.

ಈ ವರ್ಷ ಈಸ್ಟರ್ ವಾರದಲ್ಲೇ ನಾಲ್ಕನೆಯ ಭಾಗ ಬಂತು. ಕೇಸಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗಿದ್ದ ನಾನು ಅಲ್ಲೇ ಕೊಂಡು, ಗೆಲ್ಲುವುದು ಖಂಡಿತವೆಂಬ ಹುಮ್ಮಸ್ಸಿನಲ್ಲಿ ರೈಲಿನಲ್ಲಿ ತೆರೆದೆ. ಕೊಲ್ಲಂ ದಾಟಿದರೂ ನಾಯಕನ ಸುಳಿವಿಲ್ಲ. ಆಲಪ್ಪುಳದಲ್ಲಿ ಅವನನ್ನು ಹೂತೇಬಿಟ್ಟರು. ಎರ್ನಾಕುಳಂ ಬರುವಾಗ ಕೊನೆಯ ಪುಟ ಮುಗಿಯಿತು, ಆಸಾಮಿ ಏಳಲಿಲ್ಲ. ಬರೆದವರ ಮೇಲೆ ನನಗೆ ಉರಿದುಹೋಯಿತು. ಹನ್ನೆರಡು ಜನರನ್ನು ಜೊತೆಗೆ ಕೊಟ್ಟು ತಿರುಗಿಸಿದವರಿಗೆ ಅವನನ್ನು ಎಬ್ಬಿಸುವುದು ಏನು ಮಹಾ ಕಷ್ಟ?

ಕೊಚ್ಚಿಯ ಎಡಪ್ಪಳ್ಳಿಯ ನಮ್ಮ ಫ್ಲ್ಯಾಟಿನಲ್ಲಿ ಪುಸ್ತಕವನ್ನು ಕೇಸ್ ಫೈಲುಗಳ ಅಡಿ ಬಚ್ಚಿಟ್ಟೆ. ಮಗಳು ಮರುದಿನವೇ ಹುಡುಕಿ, ಓದಿ, ಕಣ್ಣು ಊದಿಸಿಕೊಂಡು ನನ್ನ ಮುಂದೆ ನಿಂತಳು.

"ಅಪ್ಪನಲ್ಲೇ ಪರಞ್ಞದ್, ಅವನ್ ವರುಂ ಎನ್ನ್?"

ಅವನು ಬರುತ್ತಾನೆ ಎಂದದ್ದು ಅಪ್ಪನೇ ಅಲ್ಲವೇ ಎಂದು ಮಲಯಾಳದಲ್ಲಿ ಕೇಳಿದಳು. ಹೌದು, ನಾನೇ. ಹೆಂಡತಿ ಅಡುಗೆಮನೆಯಿಂದಲೇ, "ನಿಮಗೆ ಎಂತಕ್ಕೆ ಬೇಕಿತ್ತು ಈ ಜ್ಯೋತಿಷ್ಯ?" ಎಂದಳು. ಇನ್ನು ಮುಂದೆ ಮಗಳು ನನ್ನ ಯಾವ ಮಾತನ್ನು ನಂಬಿಯಾಳು ಎಂದು ನಿಜಕ್ಕೂ ಹೆದರಿದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ್ದು ಕೆಳಗಿನ ಮನೆಯ ಕ್ರೈಸ್ತ ಅಜ್ಜಿ, ನಾವೆಲ್ಲ ಅಮ್ಮಚ್ಚಿ ಎನ್ನುವವರು. ಅದು ಪೆಸಹ ಗುರುವಾರ, ಯೇಸುವಿನ ಕೊನೆಯ ಊಟವನ್ನು ನೆನೆಯುವ ದಿನ. ಆ ಸಂಜೆ ಕ್ರೈಸ್ತರ ಮನೆಗಳಲ್ಲಿ ಹುಳಿ ಬರಿಸದ ಅಪ್ಪಂ ಬೇಯಿಸಿ, ಬೆಲ್ಲ ಹಾಕಿದ ತೆಂಗಿನ ಹಾಲಿನೊಂದಿಗೆ ಹಂಚಿ ತಿನ್ನುತ್ತಾರೆ. ಮೇಲೆ ಗರಿಯ ಶಿಲುಬೆ ಇಟ್ಟ ಅಪ್ಪಂ ಅವರ ಮನೆಯವರಿಗೆ ಮಾತ್ರ. ಶಿಲುಬೆಯಿಲ್ಲದ ಇನ್ನೊಂದನ್ನು ಅಮ್ಮಚ್ಚಿ ನಮಗೆ ತರುತ್ತಿದ್ದರು.

ಮಗಳ ಮುಖ ನೋಡಿ ಅವರು ಗಾಬರಿಯಾದರು. "ಎಂತಾಯ್ತು ಮೋಳೇ, ಎಂತಾಯ್ತು ಮಗಳೇ?"

"ಮರಿಚ್ಚು ಪೋಯಿ," ಸತ್ತುಹೋದ ಎಂದಳು ಇವಳು.

ಅಮ್ಮಚ್ಚಿ ಎದೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ಸತ್ತವನು ಪುಸ್ತಕದವನು ಎಂದು ಬಿಡಿಸಿ ಹೇಳಿದೆ. ಹೇಳುವ ಭರದಲ್ಲಿ ಹನ್ನೆರಡು ಜನ, ಊಟ, ದ್ರೋಹ ಎಂದು ಇಡೀ ವಾದ ಮಂಡಿಸಿದೆ. "ಇಷ್ಟೆಲ್ಲ ಇಟ್ಟು ಎಬ್ಬಿಸದಿದ್ದರೆ ಹೇಗೆ, ಅಮ್ಮಚ್ಚಿ?"

ಅವರು ನಗಲಿಲ್ಲ. "ಎಲ್ಲರೂ ಎದ್ದು ಬರುವುದಾದರೆ ಈಸ್ಟರ್ ಎಂತಕ್ಕೆ ಮೋನೇ? ನಮ್ಮನೆಯವರೂ ಹೋದರಲ್ಲ, ಬಂದರಾ?" ಎಂದರು ಮಲಯಾಳದಲ್ಲಿ. ಆಮೇಲೆ ಮಗಳ ಪಕ್ಕ ಕುಳಿತರು. "ಸಾವಾದ ಮನೆಯಲ್ಲಿ ಆ ವರ್ಷ ಅಪ್ಪಂ ಬೇಯಿಸುವ ಹಾಗಿಲ್ಲ ಮೋಳೇ. ಹಾಗಂತ ಅವರನ್ನು ಹಾಗೇ ಬಿಡುವುದಿಲ್ಲ, ನೆರೆಯವರು ತಂದುಕೊಡಬೇಕು. ಹೋದ ವರ್ಷ ನನಗೆ ತಂದುಕೊಟ್ಟರು. ಈ ವರ್ಷ ಇದು ನಿನಗೆ."

ಮಗಳು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅಮ್ಮಚ್ಚಿ ಹೋದ ಮೇಲೆ ನಾನು ಅವಳ ಎದುರು ಕೂತೆ. "ನಾನು ಹೇಳಿದ್ದು ತಪ್ಪಾಯ್ತು ಮಗಾ. ನನಗೆ ಗೊತ್ತಿರ್ಲಿಲ್ಲ."

ಅವಳು ಅಪ್ಪಂ ಮುರಿದು ಬೆಲ್ಲದ ಹಾಲಿನಲ್ಲಿ ಅದ್ದಿ ನನ್ನ ಕೈಗಿಟ್ಟಳು.

"ಅಪ್ಪನೂ ತಿನ್ನಬೇಕು. ಅಪ್ಪನಿಗೂ ಅವನು ಇಷ್ಟ ಇತ್ತಲ್ಲ."

ಅವನು ಸತ್ತ ಪುಟದಲ್ಲಿ ನಾನು ಗೆರೆ ಎಳೆದಿದ್ದೆ, ಅತ್ತಿರಲಿಲ್ಲ. ಈಗ ಆ ಚೂರು ಬಾಯಿಗೆ ಹಾಕಿಕೊಂಡೆ, ಅಗಿಯುತ್ತಲೇ ಅತ್ತುಬಿಟ್ಟೆ. ಮಗಳು ಬೆನ್ನು ಸವರಿ ನೀರು ತಂದುಕೊಟ್ಟಳು.