ಬ್ಯಾರನ್ನಿನ ಬಾಗಿಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ಊರಿನ ಕೋರ್ಟುಗಳಲ್ಲಿ ಒಂದಾದ ಮೇಲೊಂದರಂತೆ ನಾನು ಅಮೀನನಾಗಿ ಕೆಲಸ ಮಾಡಿದೆ. ಅಮೀನ ಎಂದರೆ ಯಾರು ಎಂದು ಈಗಿನ ಮಕ್ಕಳು ಕೇಳುತ್ತಾರೆ. ನ್ಯಾಯಾಧೀಶರು ಕುರ್ಚಿಯಲ್ಲಿ ಕೂತು ಬರೆದದ್ದನ್ನು ಹಳ್ಳಿಗೆ ಹೋಗಿ ಮಾಡಿ ಮುಗಿಸಿ ಬರುವವನು. ಸಮನ್ಸ್ ತಲುಪಿಸಬೇಕು, ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಇಬ್ಬರ ರುಜು ಹಾಕಿಸಿಕೊಳ್ಳಬೇಕು. ಜಪ್ತಿಯಾದರೆ ಸಾಮಾನಿನ ಪಟ್ಟಿ ಬರೆಯಬೇಕು, ಆದರೆ ತಾಳಿ, ಅಡುಗೆ ಪಾತ್ರೆ, ಉಳುವ ನೇಗಿಲು ಮುಟ್ಟುವಂತಿಲ್ಲ. ಜಮೀನನ್ನೋ ಮನೆಯನ್ನೋ ಸೋತವರಿಂದ ಬಿಡಿಸಿ ಗೆದ್ದವರಿಗೆ ಕೊಡಿಸುವ ದಿನ ತಮಟೆ ಹೊಡೆಸಿ, ಊರವರ ಎದುರು ಮಹಜರು ಬರೆದು, ಹೊತ್ತು ಮುಳುಗುವುದರೊಳಗೆ ಕೆಲಸ ಮುಗಿಸಬೇಕು. ಡಿಕ್ರಿಯಾಗಿ ವರ್ಷವಾದರೂ ಭೂಮಿ ಕೈಗೆ ಬಾರದಿದ್ದಾಗ ವಕೀಲರ ಗುಮಾಸ್ತರು ನಮ್ಮನ್ನು ನೋಡಿ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರಾದರೂ ಅತ್ತರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಜೊತೆಯಲ್ಲಿದ್ದ ಹಿರಿಯ ಅಮೀನರು ಅದನ್ನು ಗಮನಿಸಿ ಒಂದು ದಿನ ಟೀ ಅಂಗಡಿಯಲ್ಲಿ ಬುದ್ಧಿ ಹೇಳಿದರು. "ಅಳೋರ ಮಕ ನೋಡ್ಬ್ಯಾಡ ಕಣಯ್ಯ. ಚೆಕ್ಕುಬಂದಿ ನೋಡು. ಮೂಡ್ಲಿಗೆ ಯಾರ ಜಮೀನು, ಪಡುವ್ಲಿಗೆ ಯಾರ ಜಮೀನು, ಅಷ್ಟು ನೋಡ್ಕಂಡು ಬಂದುಬುಡು." ಅವರು ಹೇಳಿದಂತೆಯೇ ಮಾಡಿದೆ. ನಾಲ್ಕೈದು ವರ್ಷವಾದ ಮೇಲೆ ಮುಖ ನೋಡದೆ ಇರಲು ಪ್ರಯತ್ನ ಪಡುವುದೇ ಬೇಕಾಗಲಿಲ್ಲ. ನನ್ನ ಅತ್ತೆ ತೀರಿಕೊಂಡ ದಿನ, ಹೆಂಡತಿ ಪಕ್ಕದಲ್ಲಿ ಕೂತು ಅಳುತ್ತಿದ್ದರೆ ನಾನು ಆ ಕೋಣೆಯಲ್ಲಿದ್ದ ಸಾಮಾನನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮರದ ಮಂಚ ಒಂದು, ಕಬ್ಬಿಣದ ಪೆಟ್ಟಿಗೆ ಎರಡು, ಗೋಡೆ ಗಡಿಯಾರ ಒಂದು, ನಿಂತಿದೆ.

ಈಗ ಹೇಳುವುದು ಯಾವ ಊರಿನ ಕೋರ್ಟಿನಲ್ಲಿದ್ದಾಗ ನಡೆದದ್ದೆಂದು ಹೇಳುವುದಿಲ್ಲ. ಹೊಗೆಸೊಪ್ಪು ಬೆಳೆಯುವ ಊರು ಎಂದರೆ ಸಾಕು.

ಅಣ್ಣ ತಮ್ಮ ಇಬ್ಬರು ಒಟ್ಟಿಗಿದ್ದಾಗ ಹೊಲದ ಅಂಚಿನಲ್ಲಿ ಒಂದು ಬ್ಯಾರನ್ ಕಟ್ಟಿದ್ದರು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಅಂತಸ್ತು ಅಂತಸ್ತಾಗಿ ಒಳಗೆ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಹದ ಮಾಡುವ ಎತ್ತರದ ಮನೆ ಅದು. ಆಮೇಲೆ ಮನಸ್ತಾಪ ಬಂತು, ಪಾಲಿನ ದಾವೆ ಬಿತ್ತು. ದಾವೆ ನಡೆಯುತ್ತಿರುವಾಗಲೇ ತಮ್ಮ ಸತ್ತ. ತೀರ್ಪಿನಲ್ಲಿ ಹೊಲ ಇಬ್ಬರಿಗೂ ಬಂತು, ಬ್ಯಾರನ್ ಇದ್ದ ತುಂಡು ಮಾತ್ರ ಅಣ್ಣನ ಪಾಲಿಗೆ ಹೋಯಿತು. ತಮ್ಮನ ಹೆಂಡತಿ ಬಿಟ್ಟುಕೊಡಲಿಲ್ಲ. ಬ್ಯಾರನ್ ಇಲ್ಲದ ಹೊಲ ತೆಗೆದುಕೊಂಡು ನಾನು ಬೆಳೆದ ಸೊಪ್ಪನ್ನು ಎಲ್ಲಿ ಬೇಯಿಸಲಿ ಎಂದು ಮೇಲಿನ ಕೋರ್ಟಿಗೆ ಹೋದಳು, ಅಲ್ಲಿಯೂ ಸೋತಳು. ಭಾವನೂ ನಾದಿನಿಯೂ ಒಂದೇ ಬೀದಿಯಲ್ಲಿದ್ದುಕೊಂಡು ಆರು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ಬ್ಯಾರನ್ನನ್ನು ಖಾಲಿ ಮಾಡಿಸಿ ಅಣ್ಣನಿಗೆ ಕೊಡಿಸುವ ವಾರಂಟು ನನ್ನ ಕೈಗೆ ಬಂತು.

ಬಸ್ಸಿಳಿದು ಎರಡು ಮೈಲಿ ನಡೆದು ಹೋದಾಗ ಹನ್ನೊಂದು ಗಂಟೆ. ಬ್ಯಾರನ್ ಉರಿಯುತ್ತಿತ್ತು. ಆ ಹೆಂಗಸು ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೌದೆ ಒಡ್ಡುತ್ತಿದ್ದಳು. ನಲವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು. ನಾನು ಯಾರೆಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು. ಕಂಕುಳಲ್ಲಿ ಫೈಲು, ಹಿಂದೆ ತಮಟೆಯವನು.

"ಉರಿ ಹಾಕಿ ಇವತ್ತು ನಾಲ್ಕನೇ ದಿನ ಸ್ವಾಮಿ," ಎಂದಳು. "ಇನ್ನೆಲ್ಡು ದಿನ ತಡೀರಿ. ಸೊಪ್ಪಿಳಿಸ್ಕಂಡು ಬೀಗದ ಕೈ ನಾನೇ ತಂದ್ಕೊಡ್ತೀನಿ. ಈ ಸಲ ಇಲ್ಲ ಅನ್ನಾಕಿಲ್ಲ."

ನಾನು ವಾರಂಟನ್ನು ಓದಿ ಹೇಳಿ ನಾಲ್ಕು ದಿಕ್ಕಿನ ಚೆಕ್ಕುಬಂದಿ ನೋಡಿಕೊಂಡೆ. ಅಷ್ಟರಲ್ಲಿ ಅಣ್ಣ ಬಂದ, ಊರಿನ ಇಬ್ಬರು ಪಂಚರನ್ನು ಜೊತೆಗೆ ಕರೆದುಕೊಂಡು. ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು, ಗೆದ್ದವನ ನಡಿಗೆ. ಬಂದವನು ಹೊಗೆ ನೋಡಿ ನಿಂತುಬಿಟ್ಟ. ಹಿಂದಿನ ವಾರ ನೆಂಟರ ಊರಿಗೆ ಹೋಗಿ ಅಂದು ಬೆಳಿಗ್ಗೆಯಷ್ಟೇ ಬಂದಿದ್ದನಂತೆ, ಬ್ಯಾರನ್ ಹತ್ತಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಗೋಡೆಯಲ್ಲಿ ಒಳಗಿನ ಥರ್ಮಾಮೀಟರು ನೋಡಲೆಂದು ಇಟ್ಟ ಸಣ್ಣ ಗಾಜಿನ ಕಿಂಡಿಗೆ ಹೋಗಿ ಇಣುಕಿದ. ಕಣ್ಣು ಮಬ್ಬಾಗಿತ್ತೋ ಏನೋ, ಸರಿಯಾಗಿ ಕಾಣಲಿಲ್ಲ.

"ಎಷ್ಟದೆ?" ಎಂದ, ಅವಳ ಕಡೆ ತಿರುಗದೆಯೇ.

"ನೂರಿಪ್ಪತ್ತದೆ ಭಾವ."

"ಜಾಸ್ತಿ ಒಡ್ಬ್ಯಾಡ. ಎಲೆ ನರ ಇನ್ನೂ ಹಸಿ ಅದೆ."

"ಹೂಂ."

ಆರು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಅದು. ತಮಟೆಯವನು ನನ್ನ ಮುಖ ನೋಡಿದ. ಅಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಉರಿಯೋ ಬ್ಯಾರನ್ ಯಾರೂ ನಿಲ್ಸಲ್ಲ ಸಾ. ಹಗೆಯಾದ್ರೂ ಅಂಗೆ ಮಾಡಾಕಿಲ್ಲ. ತಮಟೆ ಹೊಡ್ಸಿ, ಬೀಗ ನಂಗೆ ಕೊಡಿ. ಸೊಪ್ಪಿಳಿಯೋಗಂಟ ಅವ್ಳೇ ಬೇಯಿಸ್ಕಳ್ಳಿ, ಬೇಕಾದ್ರೆ ಸೌದೆ ನಾನೂ ಒಡ್ತೀನಿ."

ಸೋತವಳು ಎರಡು ದಿನ ಕೇಳುತ್ತಿದ್ದಳು. ಗೆದ್ದವನು ಎರಡು ದಿನ ಕೊಡುತ್ತಿದ್ದ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಹಾಗೆ ಆದದ್ದು ಇನ್ನೊಂದಿಲ್ಲ. ಡಿಕ್ರಿದಾರನೇ ಎರಡು ದಿನ ಸಮಯ ಕೊಟ್ಟಿದ್ದಾನೆ ಎಂದು ಅವನಿಂದ ಒಂದು ಸಾಲು ಬರೆಸಿಕೊಂಡು, ರುಜು ಹಾಕಿಸಿಕೊಂಡು ವಾಪಸ್ಸು ಬಂದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ನನಗೆ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಮತ್ತೆ ಅದೇ ಬಸ್ಸು ಹಿಡಿದು, ಅದೇ ಎರಡು ಮೈಲಿ ನಡೆದು ಬರಬೇಕಲ್ಲ ಎಂಬುದೂ ಹೊಳೆಯಿತು. ಹಿಂದಿನ ತಿಂಗಳು ಬೇರೆ ಒಂದು ವಾರಂಟಿನಲ್ಲಿ ಬಾಗಿಲು ಹಾಕಿತ್ತು ಎಂದು ಬರೆದದ್ದಕ್ಕೆ ಮೆಮೋ ತಿಂದಿದ್ದೆ, ಅದಕ್ಕೇ ಹೆದರಿದೆ ಎಂದು ಆಮೇಲೆ ಒಂದಿಬ್ಬರಿಗೆ ಹೇಳಿದ್ದೇನೆ. ಹೆದರಿಕೆಯಲ್ಲ ಅದು. ಬೇಸರವೂ ಅಲ್ಲ. ಏನೂ ಅಲ್ಲ.

"ವಾರಂಟಿನಲ್ಲಿ ಖಾಲಿ ಮಾಡಿಸಿ ಅಂತಿದೆ," ಎಂದೆ. "ಒಳಗೆ ಏನಿದೆ ಪಟ್ಟಿ ಮಾಡಬೇಕು. ಬಾಗಿಲು ತೆಗೆಯಿರಿ."

ಅವಳು ಎದ್ದು ಬಂದು ಬಾಗಿಲಿಗೆ ಬೆನ್ನು ಕೊಟ್ಟಳು. ಜಗಳಕ್ಕೆ ನಿಂತ ಹಾಗೆ ಇರಲಿಲ್ಲ, ಚಳಿಗೆ ಗೋಡೆಗೆ ಒರಗಿದ ಹಾಗಿತ್ತು. "ನಾನೇ ಬರ್ಸ್ತೀನಿ ಸ್ವಾಮಿ, ಎಷ್ಟು ಕಡ್ಡಿ ಅದೆ ಅಂತ ನಂಗೊತ್ತು," ಎಂದಳು. ಅಣ್ಣನೂ, "ಬಾಗ್ಲು ಒಂದು ತಗೀಬ್ಯಾಡಿ ಸಾ," ಎಂದ.

ನಾನು ಅವಳನ್ನು ಪಕ್ಕಕ್ಕೆ ಸರಿಯಲು ಹೇಳಿದೆ. ಅವಳು ಸರಿದಳು. ಕೋರ್ಟಿನವನು ಹೇಳಿದರೆ ಜನ ಸರಿಯುತ್ತಾರೆ. ಬಾಗಿಲಿನ ಸಂದಿಗೆ ಗಾಳಿಯಾಡದಂತೆ ಗೋಣಿಚೀಲ ತುರುಕಿದ್ದರು. ಅವನ್ನು ನಾನೇ ಒಂದೊಂದಾಗಿ ಕಿತ್ತು ಬಾಗಿಲು ಎಳೆದೆ.

ನಾಲ್ಕನೇ ದಿನ ಬಾಗಿಲು ತೆಗೆದರೆ ಏನಾಗುತ್ತದೆಂದು ಆ ತಾಲ್ಲೂಕಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಣ್ಣನೆ ಗಾಳಿ ನುಗ್ಗಿ ಶಾಖ ಇಳಿಯುತ್ತದೆ, ನರದಲ್ಲಿ ಉಳಿದ ನೀರು ಎಲೆಗೆ ಹಿಂತಿರುಗುತ್ತದೆ, ಹಳದಿ ಬಂದ ಸೊಪ್ಪು ಕಪ್ಪಾಗುತ್ತದೆ. ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮಪ್ಪನದೂ ಒಂದು ಬ್ಯಾರನ್ ಇತ್ತು. ಚಿಕ್ಕಂದಿನಲ್ಲಿ ಒಮ್ಮೆ ಬಾಗಿಲು ಸ್ವಲ್ಪ ಸರಿಸಿದ್ದಕ್ಕೆ ಅಪ್ಪ ನನ್ನನ್ನು ಹುಣಿಸೆ ಬರಲಿನಲ್ಲಿ ಬಾರಿಸಿದ್ದರು.

ಬಿಸಿ ಗಾಳಿ ಮುಖಕ್ಕೆ ಬಡಿಯಿತು. ನಾನು ಹೊಸ್ತಿಲಲ್ಲಿ ನಿಂತು ಮೇಲಿನ ಅಂತಸ್ತಿನಿಂದ ಎಣಿಸತೊಡಗಿದೆ. ಸೊಪ್ಪು ಚೆನ್ನಾಗಿ ಹಳದಿಗೆ ಬಂದಿತ್ತು, ಹೆಂಗಸು ಕೆಲಸ ಬಲ್ಲವಳು. ಎಣಿಕೆ ಒಮ್ಮೆ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದೆ. ಅಷ್ಟೂ ಹೊತ್ತು ಬಾಗಿಲು ತೆರೆದೇ ಇತ್ತು. ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಒಲೆಯ ಬಾಯಿಂದ ಕೊಳ್ಳಿಗಳನ್ನು ಹೊರಗೆಳೆದು ಕೊಡದ ನೀರು ಸುರಿದಳು.

"ಮುಚ್ಚಮ್ಮ ಬಾಗ್ಲು, ನೋಡಾನ," ಎಂದ ಅಣ್ಣ.

"ಇನ್ನೇನ್ ನೋಡದು ಭಾವ," ಎಂದಳು. "ಅವ್ರಿಗೆ ಖಾಲಿ ಬೇಕಂತಲ್ಲ. ಇಳ್ಸಿ."

ಅಣ್ಣ ಟವೆಲ್ಲನ್ನು ತಲೆಗೆ ಸುತ್ತಿ ಒಳಗೆ ಹತ್ತಿದ. ಮೇಲಿಂದ ಒಂದೊಂದೇ ಕಡ್ಡಿ ಇಳಿಸಿ ಕೊಡುವುದು, ಅವಳು ತಂದು ಹೊರಗೆ ಗೋಣಿತಾಟಿನ ಮೇಲೆ ಹರಡುವುದು. ಪಂಚರು ದೂರ ಮರದಡಿ ಕೂತು ಬೀಡಿ ಹಚ್ಚಿದರು, ಒಬ್ಬರೂ ಹತ್ತಿರ ಬರಲಿಲ್ಲ. ತಮಟೆ ಬೇಗ ಹೊಡೆಸಿ ಹೊರಡಬಹುದೆಂದು ನಾನೂ ಕೈಹಾಕಿದೆ. ಕಡ್ಡಿಯ ಎರಡು ತುದಿ ಹಿಡಿದು, ಸೊಪ್ಪು ಬಾಗಿಲ ಚೌಕಟ್ಟಿಗೆ ಉಜ್ಜದಂತೆ ಮೈ ಓರೆ ಮಾಡಿಕೊಂಡು ಹೊರಗೆ ಬಂದೆ. ಕೈಗೆ ಅದು ಮರೆತಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಕಡ್ಡಿ ತರುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ನಿಮ್ಮನೇಲೂ ಬ್ಯಾರನ್ ಅದಾ ಸ್ವಾಮಿ?"

"ಇತ್ತು. ಅಪ್ಪಂದು."

"ಬಾಗ್ಲು ತಗುದ್ರೆ ಏನಾಯ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಗೊತ್ತಿಲ್ಲದ ಪಟ್ಟಣದವನು ಎಂದುಕೊಂಡು ಅಲ್ಲಿಯವರೆಗೆ ನನ್ನನ್ನು ಕ್ಷಮಿಸಿದ್ದಳು ಎಂದು ಆಗ ನನಗೆ ತಿಳಿಯಿತು. ನಾಚಿಕೆಯಾಗಬೇಕಿತ್ತು. ಆಗಲಿ ಎಂದು ಕಾದೆ. ಆಗಲಿಲ್ಲ.

ಅವಳು ಒಳಕ್ಕೆ ತಿರುಗಿ, "ಭಾವ, ಈವಯ್ಯನ ಕೈಗೆ ಕಡ್ಡಿ ಕೊಡ್ಬ್ಯಾಡಿ," ಎಂದಳು. ನನ್ನ ಕೈಯಲ್ಲಿದ್ದ ಕಡ್ಡಿಯನ್ನು, ಎಲೆ ಮುದುರದಂತೆ, ಎರಡೂ ತುದಿ ಹಿಡಿದು ತೆಗೆದುಕೊಂಡಳು. ಕಪ್ಪಾಗಲಿದ್ದ ಆ ಸೊಪ್ಪನ್ನು ಅವರಿಬ್ಬರೇ ಸಂಜೆಯವರೆಗೆ ಇಳಿಸಿದರು. ನಾನು ಮರದಡಿ ಕೂತು, ಯಾವ ಅಡ್ಡಿಯೂ ಇಲ್ಲದೆ ಖಾಲಿ ಸ್ವಾಧೀನ ಕೊಡಿಸಲಾಯಿತು ಎಂದು ಮಹಜರು ಬರೆದೆ.