ಹಳದಿ ಕಾರಿನ ಮೂತಿಗೆ ಒಂದು ನಂಬರ್ ಪ್ಲೇಟು

ಅತ್ತಿಗೆ ಅದೇ ನಂಬರನ್ನು ಮೂರನೇ ಸಲ ಪ್ರಿಂಟ್ ತೆಗೆಸಲು ನನ್ನ ಜೆರಾಕ್ಸ್ ಅಂಗಡಿಗೆ ಬಂದಾಗ ನನಗೆ ರೇಗಿಹೋಯಿತು. ರೇಗುವುದು ನನಗೆ ಹೊಸದಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆದರೆ ನೀವೇ ಹೇಳಿ. ಮೊದಲ ಸಲ, ನಂಬರ್ ಪ್ಲೇಟಿನ ಅಳತೆಗೇ ಸರಿಯಾಗಿ, ದಪ್ಪ ಹಾಳೆಯಲ್ಲಿ ಕಪ್ಪು ಅಕ್ಷರ ಮೂಡಿಸಿ ಕತ್ತರಿಸಿಕೊಟ್ಟಿದ್ದೆ. ಕಾರಿನ ಮೂತಿಗೆ ಅಂಟಿಸಿ ನೋಡುತ್ತೇನೆ ಎಂದು ಒಯ್ದರು. ಅಂಟಿಸಿ ಕಿತ್ತು, ಅಂಟಿಸಿ ಕಿತ್ತು ಅದು ಹರಿದುಹೋಯಿತು. ಎರಡನೆಯದಕ್ಕೂ ಅದೇ ಗತಿ. ಈಗ ಮೂರನೆಯದು.

"ಅತ್ತಿಗೆ, ಮಧ್ಯದಲ್ಲೋ ಪಕ್ಕದಲ್ಲೋ ಎಲ್ಲಾದ್ರೂ ಒಂದು ಕಡೆ ಅಂತ ಹೇಳಿಬಿಡಿ, ಮುಗೀತು" ಎಂದೆ.

"ಹೇಳಬಹುದಪ್ಪ. ಹೇಳಿದ ತಕ್ಷಣ ತೂತು ಕೊರೀತಾರಲ್ಲ, ಆಮೇಲೆ?" ಎಂದರು ಅತ್ತಿಗೆ.

ಗೊಣಗುತ್ತಲೇ ಪ್ರಿಂಟ್ ಹಾಕಿದೆ.

ಅತ್ತಿಗೆಯ ಕೆಲಸ ಕನ್ನಡಕದ ಅಂಗಡಿಯಲ್ಲಿ. ಬಂದವರ ಮುಖಕ್ಕೆ ಫ್ರೇಮು ಏರಿಸಿ, ಕನ್ನಡಿ ಹಿಡಿದು, "ಇದಾ, ಅದಾ?" ಎಂದು ಕೇಳುವುದು. ಅದರಲ್ಲಿ ಅವರದು ಎತ್ತಿದ ಕೈ. ಎರಡಕ್ಕಿಂತ ಹೆಚ್ಚು ಫ್ರೇಮನ್ನು ಒಟ್ಟಿಗೆ ಗಿರಾಕಿಯ ಮುಂದೆ ಇಡುವುದೇ ಇಲ್ಲ. ಎರಡರಲ್ಲಿ ಒಂದು ಬೇಡವಾಯಿತೋ, ಉಳಿದದ್ದರ ಪಕ್ಕಕ್ಕೆ ಇನ್ನೊಂದು ಬರುತ್ತದೆ. ಗಿರಾಕಿ ಯೋಚನೆಗೆ ಬೀಳುವ ಮೊದಲೇ ಮತ್ತೆ, "ಇದಾ, ಅದಾ?" ಬೇರೆ ಅಂಗಡಿಗಳಲ್ಲಿ ಗಂಟೆಗಟ್ಟಲೆ ಮೀನಮೇಷ ಎಣಿಸುವವರು ಕೂಡ ಇವರ ಕೈಗೆ ಸಿಕ್ಕರೆ ಬೇಗ ಕನ್ನಡಕ ಏರಿಸಿಕೊಂಡು ಹೊರಬೀಳುತ್ತಾರೆ. ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಆ ಜಾಣತನವೆಲ್ಲ ಎಲ್ಲಿ ಅಡಗಿಕೊಳ್ಳುತ್ತದೋ. ಮಲಗುವ ಕೋಣೆಯ ಕಿಟಕಿಗೆ ಪರದೆ ಆರಿಸಲು ಹೋಗಿ ಹೋಗಿ ಬರಿಗೈಯಲ್ಲಿ ಬಂದವರು. ಆ ಕಿಟಕಿಗೆ ಇವತ್ತಿಗೂ ಹಳೆಯ ಬೆಡ್‌ಶೀಟೇ ಗತಿ.

ಅದಕ್ಕೇ ನಮ್ಮಣ್ಣ ಅವರಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದ. "ಬೆಪ್ಪುತಕ್ಕಡಿ ಅಲ್ಲಪ್ಪ, ಬರೀ ತಕ್ಕಡಿ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ, ತೂಗಾಡ್ತಾನೇ ಇರ್ತಾಳೆ" ಎಂದು ಬಂದವರೆದುರು ಹೇಳಿ ನಗುತ್ತಿದ್ದ. ಅತ್ತಿಗೆಯೂ ನಗುತ್ತಿದ್ದರು, ಪಾಪ, ಇನ್ನೇನು ಮಾಡಬೇಕು?

ಅಣ್ಣ ಇದಕ್ಕೆ ತದ್ವಿರುದ್ಧ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಹಾಸಿದ ಬಟ್ಟೆಯ ಮೇಲೆ ನೀಲಿ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದು ಕತ್ತರಿ ಇಟ್ಟನೆಂದರೆ ಇಟ್ಟಿದ್ದೇ. ಎರಡನೇ ಸಲ ಅಳೆದಿದ್ದನ್ನು ಯಾರೂ ನೋಡಿಲ್ಲ ಎಂದು ಅವನ ಜೊತೆಯವರು ಹೇಳುತ್ತಿದ್ದರು. ಮನೆಯಲ್ಲೂ ಹಾಗೇ. "ಆಯ್ತು" ಅಥವಾ "ಬೇಡ", ಅಲ್ಲಿಗೆ ಮಾತು ಮುಗಿಯಿತು. ನಾನು ಅಂಗಡಿ ಇಡಬೇಕೋ ಬೇಡವೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದಾಗ, ಅವನು ಶೂ ಲೇಸು ಕಟ್ಟುತ್ತಲೇ "ಇಡು" ಎಂದಿದ್ದ. ಇಟ್ಟೆ.

ಅಂಥವನಿಗೆ ಒಂದೇ ಒಂದು ಹುಚ್ಚು, ಸ್ಪೋರ್ಟ್ಸ್ ಕಾರು. ಯಾರೋ ಗುದ್ದಿ ಮೂತಿ ಜಜ್ಜಿಹಾಕಿದ್ದ ಎರಡೇ ಸೀಟಿನ ಹಳೆಯ ಕಾರನ್ನು ತಂದು, ಮನೆ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿಕೊಂಡ. ರಜೆ ಸಿಕ್ಕಾಗಲೆಲ್ಲ ಅದರ ಅಡಿಯಲ್ಲೇ ಮಲಗಿರುತ್ತಿದ್ದ. ಇಂಜಿನ್ ಸರಿಹೋಯಿತು, ಸೀಟು ಹೊಸದಾಯಿತು, ಹಿಂದಿನ ನಂಬರ್ ಪ್ಲೇಟೂ ಕೂತಿತು. ಬಂಪರನ್ನು ಸ್ವತಃ ತಾನೇ ಅಚ್ಚು ಮಾಡಿ ಫೈಬರಿನಲ್ಲಿ ಎರಕ ಹೊಯ್ದು, ಉಜ್ಜಿ, ಹಳದಿ ಬಣ್ಣ ಹೊಡೆದ. ಆಮೇಲೆ ಮತ್ತೆ ಹೊಡೆದ. ಮತ್ತೂ ಹೊಡೆದ. "ಮುಗೀತೇನೋ?" ಎಂದು ಕೇಳಿದಾಗಲೆಲ್ಲ "ಇನ್ನೊಂದು ಸಣ್ಣ ಕೆಲಸ ಇದೆ" ಎನ್ನುತ್ತಿದ್ದ. ಮುಗಿದ ದಿನ ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ನೀನೇ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದ. ವರ್ಷಗಳು ಹೋದವು, ಆ ದಿನ ಬರಲಿಲ್ಲ. ಹೋದ ವರ್ಷ ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಕಾರಿನ ನೋಂದಣಿ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ತಪಾಸಣೆ ಮಾಡಿಸಬೇಕು, ಇಲ್ಲದಿದ್ದರೆ ಅದನ್ನು ಗುಜರಿಗೆ ಹಾಕಬೇಕು. ಮುಂದೆ ನಂಬರ್ ಪ್ಲೇಟಿಲ್ಲದ ಕಾರನ್ನು ತಪಾಸಣೆಯವರು ಕಣ್ಣೆತ್ತಿಯೂ ನೋಡುವುದಿಲ್ಲ. ಉಳಿದಿದ್ದ ಆ 'ಸಣ್ಣ ಕೆಲಸ' ಇದೇ ಇರಬೇಕೆಂದು ನಾವು ಅಂದುಕೊಂಡೆವು. ಇದೇನು ಮಹಾ ಕೆಲಸ ಎಂದು ನಾನು ಧೈರ್ಯವಾಗಿ ಹೇಳಿಯೂ ಬಿಟ್ಟೆ. ನಿಂತು ನಿಂತು ಬ್ಯಾಟರಿ ಇಳಿದಿದ್ದ ಕಾರನ್ನು ಪಕ್ಕದ ಬೀದಿಯ ಗ್ಯಾರೇಜಿಗೆ ತಳ್ಳಿಕೊಂಡು ಹೋದೆವು.

ಅಲ್ಲಿಂದ ಶುರುವಾಯಿತು ಗೋಳು. ಮಾಮೂಲಿ ಕಾರಿಗಾದರೆ ಮುಂದೆ ಚಪ್ಪಟೆ ಜಾಗ ಇರುತ್ತದೆ, ಎರಡು ಸ್ಕ್ರೂ ಬಿಗಿದರೆ ಆಯಿತು. ಇದರ ಮೂತಿ ನೆಲಕ್ಕೆ ತಾಗುವಷ್ಟು ಕೆಳಗೆ ಬಾಗಿ, ಎರಡೂ ಕಡೆ ನುಣ್ಣಗೆ ಜಾರಿಕೊಂಡು ಹೋಗಿತ್ತು. ಕೆಳಭಾಗದಲ್ಲಿ ಗಾಳಿ ಒಳಗೆ ಹೋಗಲು ಅಗಲವಾದ ಬಾಯಿ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ವಿವರಿಸಿದ. "ನೋಡಿ ಮೇಡಂ, ಬಂಪರ್ ಮಧ್ಯಕ್ಕೆ ತೂತು ಕೊರೆದು ಬ್ರಾಕೆಟ್ ಕೂರಿಸಬಹುದು, ಗಟ್ಟಿಯಾಗಿರುತ್ತೆ. ತೂತು ಬೇಡ ಅಂದ್ರೆ, ಇಲ್ಲಿ ಪಕ್ಕದಲ್ಲಿ ಸಣ್ಣ ಮುಚ್ಚಳ ಇದೆಯಲ್ಲ, ಗಾಡಿ ಕೆಟ್ಟಾಗ ಎಳೆಯೋ ಕೊಕ್ಕೆ ಸಿಗಿಸೋ ಜಾಗ. ಅದಕ್ಕೊಂದು ಸರಳು ತಿರುಗಿಸಿ, ಅದರ ಮೇಲೆ ಪ್ಲೇಟ್ ಹಾಕಬಹುದು. ಒಂದು ಪಕ್ಕಕ್ಕೆ ಬರುತ್ತೆ ಅಷ್ಟೆ."

"ಸೊಟ್ಟ ಕಾಣಲ್ವಾ?" ಎಂದರು ಅತ್ತಿಗೆ.

"ಕಾಣುತ್ತೆ. ಕೆಲವರಿಗೆ ಅದೇ ಚಂದ."

"ಅಂಟಿಸಿದ್ರೆ?"

"ಬಿಸಿಲಿಗೆ ಬಿಡುತ್ತೆ. ಈ ಬಾಯಿಗೆ ಅಡ್ಡವಾಗಿ ಪಟ್ಟಿ ಕಟ್ಟಿ ಹಾಕಬಹುದು. ಆದ್ರೆ ಗಾಳಿ ಹೋಗಲ್ಲ, ಇಂಜಿನ್ ಕಾಯುತ್ತೆ."

ಅತ್ತಿಗೆ ಹಿಂದೆ ಸರಿದು ನೋಡಿದರು. ಮುಂದೆ ಬಂದು ನೋಡಿದರು. ಕುಕ್ಕರಗಾಲಿನಲ್ಲಿ ಕೂತು ನೋಡಿದರು. ನಾನು ಕೊಟ್ಟ ಕಾಗದದ ಪ್ಲೇಟನ್ನು ಮಧ್ಯಕ್ಕೆ ಅಂಟಿಸಿದರೆ ಮೂಗಿಗೆ ಬ್ಯಾಂಡೇಜು ಹಾಕಿದಂತೆ ಕಾಣುತ್ತದೆ ಎಂದರು. ಪಕ್ಕಕ್ಕೆ ಅಂಟಿಸಿದರೆ, ನಿಮ್ಮಣ್ಣ ಇದ್ದಿದ್ದರೆ ಸೊಟ್ಟ ಕಾಲರು ನೋಡಿದ ಹಾಗೆ ಮುಖ ಸಿಂಡರಿಸುತ್ತಿದ್ದರು ಎಂದರು. ಮೂರನೇ ಪ್ರಿಂಟೂ ಹರಿಯುತ್ತ ಬಂತು, ತಿಂಗಳೂ ಮುಗಿಯುತ್ತ ಬಂತು. ಕೊನೆಗೆ ಮೆಕ್ಯಾನಿಕ್ಕೇ ಗೊಂದಲಕ್ಕೆ ಬಿದ್ದು, "ಮೇಡಂ, ಮೊದಲು ನನಗೂ ಗೊತ್ತಿತ್ತು, ಈಗ ನನಗೂ ಗೊತ್ತಾಗ್ತಿಲ್ಲ" ಎಂದ.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಅವರದೇ ಅಸ್ತ್ರ ಪ್ರಯೋಗಿಸಿದೆ. ಬೆರಳು ತೋರಿಸಿ "ಇದಾ, ಅದಾ?" ಎಂದು ಜೋರಾಗಿ ಕೇಳಿದೆ.

"ನಿನ್ನ ತಲೆ" ಎಂದರು ಅತ್ತಿಗೆ. ಆಮೇಲೆ ಗ್ಯಾರೇಜಿನ ಹೊರಗಿದ್ದ ಹಳೆಯ ಟೈರಿನ ಮೇಲೆ ಕೂತು, ದನಿ ತಗ್ಗಿಸಿ, "ನಿಂಗೆ ಒಂದು ವಿಷಯ ಹೇಳ್ಲಾ?" ಎಂದರು.

"ಹೇಳಿ."

"ಬಣ್ಣ ಹೊಡೆದ ಬಂಪರಿಗೇ ಮತ್ತೆ ಮತ್ತೆ ಬಣ್ಣ ಹೊಡೀತಿದ್ರಲ್ಲ ನಿಮ್ಮಣ್ಣ. ಯಾಕೆ ಅಂತ ಗೊತ್ತಾ? ಕಾರು ಮುಗಿದ್ರೆ ನನ್ನ ಪಕ್ಕ ಕೂರಬೇಕಾಗುತ್ತಲ್ಲ, ಅದಕ್ಕೆ. ಸಣ್ಣ ಕೆಲಸವೂ ಇಲ್ಲ, ದೊಡ್ಡ ಕೆಲಸವೂ ಇಲ್ಲ. ಶೆಡ್ಡಲ್ಲಿ ಒಬ್ಬರೇ ಇರೋದು ಬೇಕಾಗಿತ್ತು ಅವರಿಗೆ. ಅಷ್ಟು ಬೇಗ ತೀರ್ಮಾನ ಮಾಡೋ ಮನುಷ್ಯ ಒಂದು ಪ್ಲೇಟ್ ಹಾಕೋಕೆ ಅಷ್ಟು ವರ್ಷ ತಗೋತಾರಾ? ನೀನೇ ಹೇಳು."

ಏನು ಹೇಳಲಿ? ಅಣ್ಣ ಅಂಥವನಲ್ಲ ಎನ್ನಬೇಕೆನಿಸಿತು, ಆದರೆ ಎಂಥವನು ಎಂದು ಕೇಳಿದರೆ ಹೇಳಲು ಮಾತಿರಲಿಲ್ಲ. "ಆಯ್ತು", "ಬೇಡ" ಎರಡನ್ನು ಬಿಟ್ಟು ಅವನ ಬಾಯಿಂದ ನಾನಾದರೂ ಏನು ಕೇಳಿದ್ದೇನೆ?

"ಹಾಗಾದ್ರೆ ಗುಜರಿಗೇ ಹಾಕಿಬಿಡಿ ಅತ್ತಿಗೆ. ಯಾಕಿಷ್ಟು ಕಷ್ಟ?" ಎಂದೆ.

"ಅದೂ ಆಗ್ತಿಲ್ಲವಲ್ಲ. ಅವರ ಕೈಯಿಂದಾದ ಬಂಪರು. ತೂತು ಹಾಕೋಕೂ ಮನಸ್ಸಿಲ್ಲ, ಬಿಸಾಕೋಕೂ ಮನಸ್ಸಿಲ್ಲ" ಎಂದು ಕಣ್ಣೊರೆಸಿಕೊಂಡರು. ಫಕ್ಕನೆ ಎದ್ದು ಒಳಗೆ ಹೋಗಿ, "ಮಧ್ಯಕ್ಕೇ ಕೊರೀರಿ" ಎಂದರು.

ಮೆಕ್ಯಾನಿಕ್ ಡ್ರಿಲ್ ಎತ್ತಿಕೊಂಡ. ಅದು ಗುರ್ ಎನ್ನುತ್ತಿದ್ದಂತೆ ಅತ್ತಿಗೆ "ತಾಳಿ ತಾಳಿ!" ಎಂದು ಕೂಗಿದರು.

ಆ ಮನುಷ್ಯನ ತಾಳ್ಮೆ ದೊಡ್ಡದು. ನಾನಾಗಿದ್ದರೆ ಡ್ರಿಲ್ ಅಲ್ಲೇ ಎಸೆದು ಹೋಗುತ್ತಿದ್ದೆ. ಅವನು ಡ್ರಿಲ್ ಕೆಳಗಿಟ್ಟು, "ಒಂದು ಕೆಲಸ ಮಾಡ್ತೀನಿ ಮೇಡಂ. ಬಂಪರ್ ಪೂರ್ತಿ ಬಿಚ್ಚಿ ಹಿಂದುಗಡೆ ನೋಡ್ತೀನಿ. ಎಲ್ಲಿ ಗಟ್ಟಿ ಇದೆಯೋ ಅಲ್ಲಿ ಹಾಕೋಣ. ನೀವೂ ಬೇಡ, ನಾನೂ ಬೇಡ, ಬಂಪರೇ ಹೇಳಲಿ" ಎಂದ.

ಬಂಪರ್ ಕಳಚಿ ಮೇಜಿನ ಮೇಲೆ ಮಗುಚಿ ಹಾಕಿದ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಟಾರ್ಚು ತಂದು ಬಿಟ್ಟು, "ಸರ್, ಇಲ್ಲಿ ಬನ್ನಿ" ಎಂದು ನನ್ನನ್ನು ಕರೆದ.

ಹೊರಗಡೆ ಕನ್ನಡಿಯಂತೆ ಹೊಳೆಯುತ್ತಿದ್ದ ಬಂಪರಿನ ಒಳಮೈ ಪೂರಾ ತೂತು. ಮಧ್ಯದಲ್ಲಿ ಎರಡು. ಅದಕ್ಕಿಂತ ಒಂದು ಬೆರಳು ಕೆಳಗೆ ಮತ್ತೆರಡು. ಎಡಕ್ಕೆ ಎರಡು, ಬಲಕ್ಕೆ ಎರಡು, ಬಲದ್ದು ಸರಿಬರಲಿಲ್ಲವೇನೋ, ಅದರ ಪಕ್ಕದಲ್ಲೇ ಇನ್ನೆರಡು. ಎಲ್ಲವನ್ನೂ ಬೂದು ಬಣ್ಣದ ಪೇಸ್ಟ್ ತುಂಬಿ ಮುಚ್ಚಲಾಗಿತ್ತು. ಅವುಗಳ ಸುತ್ತ ನೀಲಿ ಚಾಕ್‌ಪೀಸಿನ ಗೆರೆಗಳು. ಎಳೆದು ಅಳಿಸಿದ್ದು, ಅಳಿಸಿ ಮತ್ತೆ ಎಳೆದದ್ದು, ಒಂದರ ಮೇಲೊಂದು.

"ಕೊರೆಯೋದು, ನೋಡೋದು, ಬೇಡ ಅಂತ ಮುಚ್ಚೋದು, ಮೇಲೆ ಬಣ್ಣ ಹೊಡೆಯೋದು. ಇದನ್ನೇ ಮಾಡಿದ್ದಾರೆ" ಎಂದ ಮೆಕ್ಯಾನಿಕ್.

ನನಗೆ ನಂಬಲಾಗಲಿಲ್ಲ. ಒಂದೇ ಗೆರೆಗೆ ಕತ್ತರಿ ಇಡುತ್ತಿದ್ದ ಅಣ್ಣ ಇವನೇನಾ? ಬಾಗಿಲು ಹಾಕಿಕೊಂಡು, ಯಾರೆದುರೂ ತುಟಿ ಪಿಟಕ್ಕೆನ್ನದೆ, ವರ್ಷಗಟ್ಟಲೆ ಒಂದು ತಗಡಿನ ಪ್ಲೇಟು ಹಿಡಿದುಕೊಂಡು ಅಲ್ಲೋ ಇಲ್ಲೋ ಎಂದು ಒದ್ದಾಡಿದ್ದಾನೆ. ನನಗೆ ನಗು ಬಂತು.

ಅತ್ತಿಗೆ ಪ್ರತಿಯೊಂದು ತೂತಿನ ಮೇಲೂ ಬೆರಳಾಡಿಸಿದರು. ಬೆರಳಿಗೆ ನೀಲಿ ಹತ್ತಿತು. ಅದನ್ನು ನೋಡುತ್ತ ನಿಂತವರು ಇದ್ದಕ್ಕಿದ್ದಂತೆ ನಗತೊಡಗಿದರು. "ನನ್ನನ್ನ ತಕ್ಕಡಿ ಅಂತಿದ್ರು! ನನ್ನನ್ನ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ನಕ್ಕು ಅಳು ಬಂತು. ಮೆಕ್ಯಾನಿಕ್ ಗಾಬರಿಯಾಗಿ ನೀರು ತಂದುಕೊಟ್ಟ.

ನೀರು ಕುಡಿದು, ಲೋಟ ಕೆಳಗಿಟ್ಟು, ಅತ್ತಿಗೆ ಸೆರಗು ಸಿಕ್ಕಿಸಿದರು. "ಬನ್ನಿ, ಇಬ್ಬರೂ ಇಲ್ಲಿ ನಿಂತ್ಕೊಳ್ಳಿ" ಎಂದು ನಮ್ಮನ್ನು ಗಿರಾಕಿಗಳಂತೆ ನಿಲ್ಲಿಸಿದರು. ಬಂಪರನ್ನು ನಿಲ್ಲಿಸಿ, ನಿಜವಾದ ಪ್ಲೇಟನ್ನು ಅದಕ್ಕೆ ಹಿಡಿದು, "ಎಡಾನಾ, ಮಧ್ಯಾನಾ?" ಎಂದರು.

"ಮಧ್ಯ" ಎಂದೆವು.

"ಮಧ್ಯಾನಾ, ಬಲಾನಾ?"

"ಮಧ್ಯ."

"ಮೇಲಿಂದಾ, ಕೆಳಗಿಂದಾ?"

ನಾನು ಮೇಲಿನದು ಎಂದೆ, ಮೆಕ್ಯಾನಿಕ್ ಕೆಳಗಿನದು ಎಂದ. ಅತ್ತಿಗೆ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. "ಕೆಳಗಿಂದು. ಅವರ ತೂತನ್ನೇ ಬಿಡಿಸಿ, ಹೊಸದು ಬೇಡ" ಎಂದರು. ಡ್ರಿಲ್ ಗುರ್ ಎಂದಾಗ ಈ ಸಲ ತಾಳಿ ಎನ್ನಲಿಲ್ಲ.

ತಪಾಸಣೆಯವರು ಪ್ಲೇಟನ್ನು ಒಮ್ಮೆ ಅಲ್ಲಾಡಿಸಿ ನೋಡಿ ಮುದ್ರೆ ಒತ್ತಿದರು. ಅಷ್ಟೇ. ವಾಪಸ್ಸು ಬರುವಾಗ ಅತ್ತಿಗೆಯೇ ಕಾರು ಓಡಿಸಿದರು. ನಾನು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಪಕ್ಕದ ಸೀಟಿನಲ್ಲಿ ಮುದುಡಿದ್ದೆ. ಅದು ನನ್ನ ಜಾಗವಲ್ಲ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಎದುರಿನ ಅಂಗಡಿಯ ಗಾಜಿನಲ್ಲಿ ಕಾರಿನ ಮೂತಿ ಕಾಣಿಸಿತು. ಅತ್ತಿಗೆ ಕತ್ತು ಓರೆ ಮಾಡಿ ನೋಡಿದರು.

"ಮೇಲಿಂದೇ ಚೆನ್ನಾಗಿತ್ತೇನೋ ಕಣೋ" ಎಂದರು.

ನನಗೆ ರೇಗಲಿಲ್ಲ. "ಇರಬಹುದು ಅತ್ತಿಗೆ" ಎಂದೆ.

ಹಸಿರು ದೀಪ ಬಂದರೂ ಅವರು ಆ ಗಾಜನ್ನೇ ನೋಡುತ್ತಿದ್ದರು. "ಊರವರಿಗೆಲ್ಲ ಇದಾ ಅದಾ ಅಂತ ಕೇಳಿ ಆರಿಸಿಕೊಡೋಳು ನಾನು. ಶೆಡ್ಡಿನ ಗೋಡೆ ಆಚೆಗೇ ಇದ್ದೆ" ಎಂದರು. ಹಿಂದಿನವರು ಹಾರನ್ ಒತ್ತತೊಡಗಿದ್ದರು. "ನಿಮ್ಮಣ್ಣ ಒಂದು ಮಾತು ಕರೆದಿದ್ರೆ, ಇಬ್ಬರೂ ಕೂತ್ಕೊಂಡು ತಲೆ ಕೆಡಿಸ್ಕೊಳ್ಬಹುದಿತ್ತು."